ತಪ್ಪು ತಿಳ್ಕೊಂಡೋರ ಕಥೆ: ಒಂದು ಸಿಟ್‌ಕಾಮ್ ಎಪಿಸೋಡ್ ಬರೆಯೋದು ಹೇಗೆ, ಟಾರ್ಕಿ ಹೋಟೆಲ್‌ನಿಂದ ಕುವೆಂಪುನಗರದ ಹಳೇ ಫ್ರಿಜ್‌ವರೆಗೆ

ಕಾಮಿಡಿಲಿ ನೂರಾರು ಜಾತಿ ಇದೆ, ಇಲ್ಲಿ ಹೇಳ್ತಿರೋದು ಒಂದೇ ಒಂದು ಜಾತಿ ಎಪಿಸೋಡ್ ಬಗ್ಗೆ. ಯಾರೋ ಏನೋ ತಪ್ಪು ತಿಳ್ಕೋತಾರೆ, ಅದನ್ನೇ ನಿಜ ಅಂತ ನಂಬ್ಕೊಂಡು ಅರ್ಧ ಗಂಟೆ ಒದ್ದಾಡ್ತಾರೆ, ಅಸಲಿ ವಿಷ್ಯ ಗೊತ್ತಿರೋ ನಾವು ಸೋಫಾ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಗ್ತೀವಿ. ಪಾಪ ಪಾಂಡು, ಸಿಲ್ಲಿ ಲಲ್ಲಿ ನೋಡ್ಕೊಂಡು ಬೆಳೆದೋರಿಗೆ ಇದು ಹೊಸದೇನಲ್ಲ. ಆದ್ರೆ ಬರೆಯೋಕೆ ಕೂತಾಗ ಯೂಟ್ಯೂಬ್ ಸ್ಕಿಟ್ ಆಗ್ಲಿ, ಕಾಲೇಜ್ ನಾಟಕ ಆಗ್ಲಿ, ಹತ್ತರಲ್ಲಿ ಎಂಟು ಕೆಡೋದು ಒಂದೇ ಕಾರಣಕ್ಕೆ, ತಪ್ಪು ತಿಳ್ಕೊಳ್ಳೋ ಪಾತ್ರಾನ ದಡ್ಡ ಮಾಡಿಬಿಡ್ತಾರೆ. ದಡ್ಡ ಏನು ಬೇಕಾದ್ರೂ ತಪ್ಪು ತಿಳ್ಕೋತಾನೆ, ಅದ್ರಲ್ಲಿ ನಗೋಕೇನಿದೆ? ನನ್ನ ಪ್ರಕಾರ ಆ ಜಾಗದಲ್ಲಿ ನಾವೇ ಇದ್ರೂ ಹಾಗೇ ಅಂದ್ಕೋತಿದ್ವಿ ಅನ್ನಿಸ್ಬೇಕು, ಆಗ್ಲೇ ಮಜಾ.

ಇನ್ನೊಂದು ಮಾತು. ಸುಳ್ಳು ಹೇಳಿ ಸಿಕ್ಕಾಕ್ಕೊಳ್ಳೋ ಕಥೆ ಬೇರೆ, ಇದು ಬೇರೆ. ಫ್ರೇಸಿಯರ್ ಅನ್ನೋ ಅಮೆರಿಕನ್ ಸೀರಿಯಲ್ಲಲ್ಲಿ 1996ರ ಒಂದು ಎಪಿಸೋಡಲ್ಲಿ, ಫ್ರೇಸಿಯರ್ ಮನೇಲಿ ಕೆಲಸಕ್ಕಿರೋ ಡಾಫ್ನೆ ತನ್ನ ಹಳೇ ಪ್ರಿಯಕರನ್ನ ತಪ್ಪಿಸ್ಕೊಳ್ಳೋಕೆ ಫ್ರೇಸಿಯರ್ ತಮ್ಮ ನೈಲ್ಸ್‌ನ ಗಂಡ ಅಂತ ತೋರಿಸ್ತಾಳೆ, ಅದು ಸುಳ್ಳಿನ ಕಾಮಿಡಿ, ಅಲ್ಲಿ ಇಂಜಿನ್ನು ಸುಳ್ಳು ಹೇಳ್ದೋರ ಟೆನ್ಷನ್. ನಮ್ಮ ಜಾತಿಲಿ ಯಾರೂ ಬೇಕೂಂತ ಮೋಸ ಮಾಡಲ್ಲ, ಎಲ್ರೂ ಪ್ರಾಮಾಣಿಕರೇ, ಎಲ್ರೂ ತಪ್ಪೇ. ಎರಡನ್ನೂ ಬೆರೆಸ್ಬಹುದು, ಮೊದಲ ಸಲ ಬರೆಯೋರು ಬೆರೆಸ್ಬೇಡಿ.

ಸ್ಟೆಪ್ 1: ಒಂದು ಎಪಿಸೋಡ್ ಬಿಚ್ಚಿ ನೋಡಿ

ಬರೆಯೋಕ್ಕೆ ಮುಂಚೆ ಒಂದನ್ನ ಸ್ಕ್ರೂ ಬಿಚ್ಚಿ ನೋಡ್ಬೇಕು. ನಾನು ಹೇಳೋದು ಫಾಲ್ಟಿ ಟವರ್ಸ್ ಅನ್ನೋ ಬ್ರಿಟಿಷ್ ಸೀರಿಯಲ್ಲಿನ ದಿ ಹೋಟೆಲ್ ಇನ್ಸ್‌ಪೆಕ್ಟರ್ಸ್. ಬಿಬಿಸಿ 2ರಲ್ಲಿ 1975ರ ಅಕ್ಟೋಬರ್‌ನಲ್ಲಿ ಬಂದಿದ್ದು, ಮೊದಲ ಸೀಸನ್ನಿನ ನಾಲ್ಕನೇ ಎಪಿಸೋಡು. ಬರೆದಿದ್ದು ಜಾನ್ ಕ್ಲೀಸ್ ಮತ್ತೆ ಕಾನಿ ಬೂತ್, ಇಬ್ರೂ ಅದ್ರಲ್ಲಿ ಆಕ್ಟ್ ಕೂಡ ಮಾಡಿದಾರೆ. ಇಡೀ ಸೀರಿಯಲ್ಲು 1975 ಮತ್ತು 1979 ಎರಡೂ ಸೇರಿ ಬರೀ 12 ಎಪಿಸೋಡು, ನಮ್ಮ ಡೈಲಿ ಸೀರಿಯಲ್ ಲೆಕ್ಕದಲ್ಲಿ ಎರಡು ವಾರದ ಆಸುಪಾಸು ಅಷ್ಟೇ, ಐವತ್ತು ವರ್ಷ ಆದ್ರೂ ಜನ ಇನ್ನೂ ನೋಡ್ತಾ ಇದಾರೆ.

ಕಥೆ ಇಷ್ಟೇ. ಇಂಗ್ಲೆಂಡಿನ ಟಾರ್ಕಿ ಅನ್ನೋ ಸಮುದ್ರ ತೀರದ ಊರು, ಅಲ್ಲೊಂದು ಸಣ್ಣ ಹೋಟ್ಲು, ಓನರ್ ಬೇಸಿಲ್ ಫಾಲ್ಟಿ. ದೊಡ್ಡೋರು ಬಂದ್ರೆ ಹಲ್ಲು ಕಿರಿಯೋದು, ಉಳಿದೋರ ಮೇಲೆ ಉರಿದು ಬೀಳೋದು, ಇದು ಅವನ ಜಾಯಮಾನ. ಹಚಿನ್‌ಸನ್ ಅಂತ ಒಬ್ಬ ಗೆಸ್ಟು ಬರ್ತಾನೆ, ಮಹಾ ಕೊರೆಯೋ ಆಸಾಮಿ, ಪೋಸ್ಟ್ ಆಫೀಸಿಗೆ ದಾರಿ ಕೇಳಿದ್ರೆ ಬಾಯಲ್ಲಿ ಹೇಳಿದ್ದು ಸಾಲದು, ನಕ್ಷೆ ಬರ್ಕೊಡಿ ಅಂತಾನೆ. ಬೇಸಿಲ್ ಅವನ ಜೊತೆ ಒರಟೊರಟಾಗಿ ಆಡ್ತಾನೆ. ಅಷ್ಟರಲ್ಲಿ ಊರಿಗೆ ಹೋಟೆಲ್ ಇನ್ಸ್‌ಪೆಕ್ಟರ್‌ಗಳು ಬಂದಿದಾರೆ, ಗುರುತು ಹೇಳ್ದೆ ಓಡಾಡ್ತಿದಾರೆ ಅಂತ ಸುದ್ದಿ. ತಕ್ಷಣ ಬೇಸಿಲ್ ತಲೇಲಿ ಲೆಕ್ಕ ಶುರು: ಎಲ್ಲದ್ರಲ್ಲೂ ಕೊಂಕು ತೆಗೀತಾನೆ, ಹೋಟ್ಲುಗಳ ವಿಷ್ಯ ಚೆನ್ನಾಗಿ ಗೊತ್ತಿರೋನ ಥರ ಮಾತಾಡ್ತಾನೆ, ಹಾಗಾದ್ರೆ ಇವನೇ ಇನ್ಸ್‌ಪೆಕ್ಟರ್ರು! ಅಲ್ಲಿಂದ ಬೇಸಿಲ್ ಕಾಲಿಗೆ ಬೀಳೋದೊಂದು ಬಾಕಿ. ಆಮೇಲೆ ಗೊತ್ತಾಗತ್ತೆ, ಹಚಿನ್‌ಸನ್ ಚಮಚ ಮಾರೋ ಸೇಲ್ಸ್‌ಮನ್ನು. ಸರಿ, ಅನುಮಾನ ವಾಲ್ಟ್ ಅನ್ನೋ ಇನ್ನೊಬ್ಬ ಗಂಭೀರ ಗೆಸ್ಟ್ ಮೇಲೆ ತಿರುಗತ್ತೆ, ಈಗ ಅವನ ಮುಂದೆ ಎಲ್ಲ ಸರಿಯಿದೆ ಅಂತ ತೋರಿಸ್ಬೇಕು, ಆದ್ರೆ ಆ ಚಮಚದವನು ಅದೇ ಊಟದ ಹಾಲಲ್ಲಿ ಗಲಾಟೆ ಎಬ್ಬಿಸ್ತಾ ಇದಾನೆ. ವಾಲ್ಟ್ ಕೂಡ ಇನ್ಸ್‌ಪೆಕ್ಟರ್ ಅಲ್ಲ, ದೋಣಿಗೆ ಹಾಕೋ ಮೋಟಾರ್ ವ್ಯಾಪಾರದವನು. ಕೊನೆಗೆ ಬೇಸಿಲ್ ಸೇಡು ತೀರಿಸ್ಕೋತಾ ಹಚಿನ್‌ಸನ್ ಮುಖಕ್ಕೆ ಕ್ರೀಮ್ ಬಳಿದು, ಅವನ ಬ್ರೀಫ್‌ಕೇಸಿಗೂ ಸುರಿದು ಆಚೆ ಕಳಿಸ್ತಾನೆ, ಮೂರು ಜನ ಸೂಟ್ ಹಾಕ್ಕೊಂಡೋರು ನಿಂತ್ಕೊಂಡು ನೋಡ್ತಿದಾರೆ. ಅವರೇ ಇನ್ಸ್‌ಪೆಕ್ಟರ್‌ಗಳು.

ಎರಡು ಸಲ ನೋಡಿ. ಮೊದಲ ಸಲ ಸುಮ್ನೆ ನಗೋಕೆ. ಎರಡನೇ ಸಲ ಪೆನ್ನು ಹಿಡ್ಕೊಂಡು, ರಿಮೋಟ್ ಪಾಸ್ ಮಾಡ್ತಾ, ಮೂರೇ ವಿಷ್ಯ ಬರ್ಕೊಳ್ಳಿ: ಈ ಸೀನಲ್ಲಿ ಯಾರು ಏನಂತ ನಂಬಿದಾರೆ, ಯಾವ ಆಧಾರದ ಮೇಲೆ, ಅದ್ರಿಂದ ಏನು ಮಾಡಿದ್ರು. ಜೋಕುಗಳನ್ನ ಬರ್ಕೋಬೇಡಿ. ಬರ್ಕೊಂಡ ಮೇಲೆ ಒಂದು ವಿಷ್ಯ ಕಣ್ಣಿಗೆ ಹೊಡಿಯತ್ತೆ: ತಪ್ಪು ಎರಡು ಸಲ ಆಗತ್ತೆ, ಆದ್ರೆ ಎರಡನೇ ಸಲ ಬೆಲೆ ಜಾಸ್ತಿ. ಮೊದಲನೇ ತಪ್ಪಲ್ಲಿ ಬೇಸಿಲ್ ಕಳ್ಕೊಂಡಿದ್ದು ಮರ್ಯಾದೆ ಅಷ್ಟೆ, ಎರಡನೇದ್ರಲ್ಲಿ ಮೊದಲನೇದ್ರ ಸಾಲಾನೂ ಸೇರ್ಕೊಂಡಿದೆ.

ಸ್ಟೆಪ್ 2: ತಪ್ಪಿಗಿಂತ ಮುಂಚೆ ಭಯ ಹುಡುಕಿ

ಎಲ್ರೂ ಮಾಡೋದೇನು, "ಇವನು ಇದನ್ನ ಅದು ಅಂದ್ಕೋತಾನೆ" ಅಂತ ಐಡಿಯಾದಿಂದ ಶುರು ಮಾಡೋದು. ಉಲ್ಟಾ ಮಾಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೇಲೇ ಇಡೀ ಫಾರ್ಮುಲಾ ಇದೆ, ಊರಲ್ಲಿ ಎಲ್ರೂ ಆ ಮಾತು ಕೇಳಿಸ್ಕೊಂಡಿರ್ತಾರೆ, ಹೆಗಲು ಮುಟ್ಟಿ ನೋಡ್ಕೊಳ್ಳೋನು ಒಬ್ಬನೇ. ಬೇಸಿಲ್‌ಗೆ ತನ್ನ ಹೋಟ್ಲು ಮೂರನೇ ದರ್ಜೇದು ಅಂತ ಒಳಗೊಳಗೇ ಗೊತ್ತು, ಅದಕ್ಕೇ ಬಂದೋರೆಲ್ಲ ಇನ್ಸ್‌ಪೆಕ್ಟರ್ ಥರ ಕಾಣ್ತಾರೆ.

ಇಲ್ಲಿಂದ ಮುಂದಕ್ಕೆ ನಾವೇ ಒಂದು ಎಪಿಸೋಡ್ ಕಟ್ಕೊಂಡು ಹೋಗೋಣ. ಮೈಸೂರು, ಕುವೆಂಪುನಗರ, ಮಹಡಿ ಮೇಲಿನ ಮನೆ. ತಾತ, ಕರೆಂಟ್ ಆಫೀಸಲ್ಲಿ ರಿಟೈರ್ ಆಗಿದಾರೆ, ಅಜ್ಜಿ ಹೋಗಿ ನಾಲ್ಕು ವರ್ಷ. ಮಗ ಪ್ರಕಾಶ, ಸೊಸೆ ಸುಮಾ, ಎರಡು ಮಕ್ಕಳು, ಪಕ್ಕದ ಮನೆ ಶಾರದಮ್ಮ. ತಾತನ ಭಯ ಏನು? ನಾನು ಈ ಮನೇಲಿ ಯಾರಿಗೂ ಬೇಡವಾದೆನಾ ಅನ್ನೋದು. ಬಾಯ್ಬಿಟ್ಟು ಯಾವತ್ತೂ ಹೇಳಿಲ್ಲ. ಮೊದಲ ಸೀನಲ್ಲೇ, ಇನ್ನೂ ಯಾವ ಗೊಂದಲಾನೂ ಶುರುವಾಗೋ ಮುಂಚೆ, ಇದನ್ನ ಒಂದು ಸಣ್ಣ ಕ್ರಿಯೇಲಿ ತೋರಿಸ್ಬೇಕು: ಮೊಮ್ಮಗ ಟೀವಿ ಚಾನೆಲ್ ಬದಲಾಯಿಸ್ತಾನೆ, ತಾತ ನ್ಯೂಸ್ ನೋಡ್ತಾ ಇದ್ರೂ "ನಾನೇನು ನೋಡ್ತಿರ್ಲಿಲ್ಲ ಬಿಡು" ಅಂತಾರೆ. ಸಾಕು, ಡೈಲಾಗಲ್ಲಿ ಇನ್ನೇನೂ ವಿವರಿಸ್ಬೇಡಿ.

ಸ್ಟೆಪ್ 3: ಅಸಲಿ ವಿಷ್ಯ ಚಿಲ್ಲರೆ ಇರ್ಲಿ

ನಿಜವಾಗಿ ನಡೀತಿರೋದು ಎಷ್ಟು ಸಾಮಾನ್ಯವೋ ಅಷ್ಟು ಒಳ್ಳೇದು. ನಮ್ಮ ಕಥೇಲಿ: ಮನೇಲಿ ಹಳೇ ಫ್ರಿಜ್ಜಿದೆ, ಅದನ್ನ ಎಕ್ಸ್‌ಚೇಂಜ್ ಆಫರಲ್ಲಿ ಕೊಟ್ಟು ಹೊಸದು ತರ್ಬೇಕು ಅಂತ ಗಂಡ ಹೆಂಡ್ತಿ ತೀರ್ಮಾನ ಮಾಡಿದಾರೆ. ಅಷ್ಟೇ.

ಆದ್ರೆ ತಾತನಿಗೆ ಯಾಕೆ ಹೇಳ್ಲಿಲ್ಲ? ಈ ಪ್ರಶ್ನೆಗೆ ಗಟ್ಟಿ ಉತ್ತರ ಇಲ್ದೆ ಇದ್ರೆ ಎಪಿಸೋಡು ಅಲ್ಲೇ ಬಿದ್ದೋಗತ್ತೆ. ನಮ್ಮ ಉತ್ತರ: ಆ ಫ್ರಿಜ್ಜು ಅಜ್ಜಿ ಚೀಟಿ ಹಾಕಿ ಕೂಡಿಟ್ಟ ದುಡ್ಡಲ್ಲಿ ತಗೊಂಡಿದ್ದು, ತಾತ ಬೇಜಾರು ಮಾಡ್ಕೋತಾರೆ, ಅದಕ್ಕೆ ಹೊಸದು ಬಂದ್ಮೇಲೆ ನಿಧಾನಕ್ಕೆ ಹೇಳೋಣ ಅಂತ. ನೋಡಿ, ಮುಚ್ಚಿಟ್ಟಿರೋದು ಪ್ರೀತಿಯಿಂದಾನೇ. ಮುಚ್ಚಿಡೋ ಕಾರಣ ಕೆಟ್ಟದಾಗಿದ್ರೆ, ಅಂದ್ರೆ ಸೊಸೆಗೆ ಮಾವನ ಕಂಡ್ರೆ ಆಗಲ್ಲ ಅಂತೇನಾದ್ರೂ ಇಟ್ರೆ, ಅದು ಮೆಗಾ ಸೀರಿಯಲ್ ಆಗತ್ತೆ, ಕ್ಯಾಮೆರಾ ಮೂರು ಸಲ ಮುಖದ ಮೇಲೆ ಝೂಮ್ ಆಗತ್ತೆ, ನಗು ಹೋಯ್ತು.

ಸ್ಟೆಪ್ 4: ಸಾಕ್ಷಿ ಒಂದು ಸಾಲದು

ಬಾಗಿಲ ಸಂದೀಲಿ ಅರ್ಧಂಬರ್ಧ ಮಾತು ಕೇಳಿಸ್ಕೊಂಡು ತಪ್ಪು ತಿಳ್ಕೊಳ್ಳೋದು, ಇದು ಇಡೀ ಪ್ರಪಂಚದಲ್ಲೇ ಸವೆದು ಹೋಗಿರೋ ತಂತ್ರ. ಅಮೆರಿಕದ ಥ್ರೀಸ್ ಕಂಪನಿ ಅನ್ನೋ ಸೀರಿಯಲ್ಲು 1977ರಿಂದ 1984ರವರೆಗೆ ಎಬಿಸಿ ಚಾನೆಲ್ಲಲ್ಲಿ ಓಡ್ತು, ಮ್ಯಾನ್ ಅಬೌಟ್ ದಿ ಹೌಸ್ ಅನ್ನೋ ಬ್ರಿಟಿಷ್ ಸೀರಿಯಲ್ಲಿಂದ ತಗೊಂಡಿದ್ದು, ಅಲ್ಲಿ ಅಡುಗೆಮನೆ ಬಾಗಿಲಿಗೆ ಕಿವಿ ಕೊಡೋದು ಎಷ್ಟು ಸಲ ಅಂದ್ರೆ ಕೊನೆಗೆ ಅದೇ ಒಂದು ಜೋಕಾಗಿ ಹೋಯ್ತು. ಜಾನ್ ರಿಟರ್ ಅನ್ನೋ ನಟ ಮೈ ಕೈ ಎಲ್ಲ ಬಳಸಿ ಬೀಳೋದು ಏಳೋದು ಮಾಡ್ತಿದ್ದಕ್ಕೆ ತಡ್ಕೊಳ್ತು ಬಿಡಿ.

ಕೇಳಿಸ್ಕೊಳ್ಳೋದನ್ನ ಇಟ್ಕೊಳ್ಳಿ, ಬೇಡ ಅನ್ನಲ್ಲ, ಆದ್ರೆ ಅದು ಮೂರು ಸಾಕ್ಷೀಲಿ ಒಂದಾಗಿರ್ಲಿ, ಮೂರೂ ಬೇರೆ ಬೇರೆ ಕಡೆಯಿಂದ ಬರ್ಲಿ, ಒಂದು ಕಿವಿಗೆ, ಒಂದು ಕಣ್ಣಿಗೆ, ಒಂದು ಯಾರೋ ಮೂರನೆಯವರ ಬಾಯಿಂದ. ನಮ್ಮ ತಾತನಿಗೆ:

ಒಂದು, ಮೇಜಿನ ಮೇಲೆ ಒಂದು ವೃದ್ಧಾಶ್ರಮದ ಪಾಂಪ್ಲೆಟ್ಟು ಕಾಣತ್ತೆ. ಅದು ಹೇಗೆ ಬಂತು? ಬೆಳಗ್ಗೆ ಪೇಪರ್ ಜೊತೆ ಇಟ್ಟು ಹಾಕಿದ್ದು, ಬೀದೀಲಿ ಎಲ್ಲಾ ಮನೆಗೂ ಬಂದಿದೆ, ಮತ್ತೆ ಇದನ್ನ ನೋಡೋರಿಗೆ ಮೊದಲೇ ತೋರಿಸಿರ್ಬೇಕು. ಅದ್ರ ಹಿಂದುಗಡೆ ಸುಮಾ ಕೈಬರಹದಲ್ಲಿ ಒಂದು ಫೋನ್ ನಂಬರ್ರು, ಶನಿವಾರ 11 ಗಂಟೆ ಅಂತ. ಪಾಪ ಅವಳು ಕೈಗೆ ಸಿಕ್ಕ ಕಾಗದದಲ್ಲಿ ಫ್ರಿಜ್ ಅಂಗಡಿಯವನ ನಂಬರ್ ಬರ್ಕೊಂಡಿದಾಳೆ. ಎರಡು, ಫೋನಲ್ಲಿ ಅವಳಾಡೋ ಮಾತು, ಅದನ್ನ ಮುಂದಿನ ಸ್ಟೆಪ್ಪಲ್ಲಿ ನೋಡೋಣ. ಮೂರು, ಮೊಮ್ಮಗಳು ಬಂದು "ತಾತ, ಆ ಮೂಲೆ ಖಾಲಿ ಆದ್ರೆ ಅಲ್ಲಿ ನನ್ನ ಸ್ಟಡಿ ಟೇಬಲ್ ಹಾಕ್ತಾರಂತೆ" ಅಂತಾಳೆ. ಮೂಲೆ ಅಂದ್ರೆ ಹಾಲಿನ ಮೂಲೆ. ತಾತನ ಈಸಿ ಚೇರೂ ಅಲ್ಲೇ ಇರೋದು, ಫ್ರಿಜ್ಜಿನ ಪಕ್ಕದಲ್ಲೇ.

ಸ್ಟೆಪ್ 5: ಎರಡು ಕಡೆಗೂ ಕೂರೋ ಡೈಲಾಗು

ಇದೇ ಕಷ್ಟದ ಜಾಗ, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. ಒಂದೇ ಮಾತು, ಆಡಿದೋರಿಗೆ ಒಂದರ್ಥ, ಕೇಳಿಸ್ಕೊಂಡೋರಿಗೆ ಇನ್ನೊಂದರ್ಥ, ಎರಡೂ ನೂರಕ್ಕೆ ನೂರು ಸರಿ ಕೂರ್ಬೇಕು. ಫ್ರೇಸಿಯರ್‌ದೇ ದಿ ಮ್ಯಾಚ್‌ಮೇಕರ್ ನೋಡಿ, 1994ರದ್ದು, ಜೋ ಕೀನನ್ ಬರೆದಿದ್ದು. ಫ್ರೇಸಿಯರ್ ತನ್ನ ರೇಡಿಯೋ ಸ್ಟೇಷನ್ನಿನ ಹೊಸ ಮ್ಯಾನೇಜರ್ ಟಾಮ್‌ನ ಮನೆಗೆ ಊಟಕ್ಕೆ ಕರೀತಾನೆ, ಡಾಫ್ನೆಗೆ ಜೋಡಿ ಮಾಡ್ಸೋಣ ಅಂತ. ಟಾಮ್ ಗೇ, ಅವನು ಫ್ರೇಸಿಯರ್ ತನ್ನನ್ನೇ ಡೇಟಿಗೆ ಕರೆದಿದಾನೆ ಅಂದ್ಕೊಂಡು ಬಂದಿದಾನೆ. ಅಲ್ಲಿ ಟಾಮ್ ಪಾತ್ರ ಕಾಮಿಡಿ ಪೀಸ್ ಅಲ್ಲ, ಎಲ್ರಿಗಿಂತ ಸಭ್ಯ ಅವನೇ, ನಗು ಪೂರ್ತಿ ಫ್ರೇಸಿಯರ್‌ನ ಕುರುಡು ಜಂಬದ ಮೇಲೆ. ನಮ್ಮಲ್ಲಿ ಇದೇ ಐಡಿಯಾ ಸಿಕ್ಕಿದ್ರೆ ಟಾಮ್ ಕೈಯಲ್ಲಿ ಕರ್ಚೀಫ್ ಕೊಟ್ಟು ಸೊಂಟ ಕುಣಿಸ್ತಿದ್ರು, ಅದು ಬೇಡ.

ಈಗ ಕನ್ನಡದ ತಾಪತ್ರಯ. ಇಂಗ್ಲಿಷಲ್ಲಿ ಕ್ರಿಯಾಪದ ನೋಡಿದ್ರೆ ಮಾತಾಡ್ತಿರೋದು ಮನುಷ್ಯರ ಬಗ್ಗೇನೋ ವಸ್ತು ಬಗ್ಗೇನೋ ಗೊತ್ತಾಗಲ್ಲ. ನಮ್ಮಲ್ಲಿ ಇದೆ, ಇದಾನೆ, ಇದಾಳೆ, ಇದಾರೆ, ಬಾಲದಲ್ಲೇ ಗುಟ್ಟು ರಟ್ಟು. ಸುಮ್ನೆ ಬರ್ಕೊಂಡು ಹೋದ್ರೆ ಮೊದಲನೇ ಲೈನಲ್ಲೇ ಕಥೆ ಮುಗೀತು. ದಾರಿ ಎರಡಿದೆ. ಒಂದು, ಕರ್ತೃ ಬಿಟ್ಟು, "ಇರೋದು, ಮಾಡೋದು, ಕೂತಿರೋದು" ಥರ ಬಾಲ ಇಲ್ದಿರೋ ರೂಪ ಬಳಸೋದು, ಅದೃಷ್ಟಕ್ಕೆ ನಾವು ಮಾತಾಡುವಾಗ ಹಾಗೇ ಮಾತಾಡೋದು. ಸುಮಾ ಫೋನಲ್ಲಿ:

"ಹೂಂ ಸಾರ್, ತುಂಬಾ ಹಳೇದೇ... ಎಲ್ಲಿ ಸಾರ್, ಸುಮ್ನೆ ಮೂಲೇಲಿ ಕೂತಿರೋದಷ್ಟೆ... ರಾತ್ರಿ ಎಲ್ಲ ಗೊರ್ ಗೊರ್ ಅಂತ ಸೌಂಡು, ಮಕ್ಕಳಿಗೆ ನಿದ್ದೆ ಇಲ್ಲ... ಹೌದು, ಆಗಾಗ ನೀರೂ ಸೋರೋದಿದೆ, ನಾನೇ ಒರೆಸ್ಬೇಕು... ಶನಿವಾರ ಬಂದು ತಗೊಂಡು ಹೋಗ್ತೀರಲ್ಲ? ಮೆಟ್ಲು ಇಳಿಸೋಕೆ ಇಬ್ರು ಬೇಕಾಗತ್ತೆ ನೋಡಿ, ಭಾರ ಇದೆ."

ಎರಡನೇ ದಾರಿ ಇನ್ನೂ ಮಜಾ. ಬಾಲ ಮುಚ್ಚೋಕೆ ಹೋಗ್ದೆ, ಅದನ್ನೇ ಗಾಯ ಮಾಡಿ. ಸುಮಾ ಒಂದೇ ಒಂದು ಕಡೆ "ಅದು" ಅಂತಾಳೆ. ಸೊಸೆ ಮಾವನ್ನ ಅವರು ಇವರು ಅಂತ ಬಹುವಚನದಲ್ಲಿ ಕರೆಯೋ ಮನೆ, ಅಲ್ಲಿ "ಅದು" ಕೇಳಿಸ್ಕೊಂಡ ತಾತ ಫ್ರಿಜ್ ಬಗ್ಗೆ ಇರ್ಬಹುದು ಅಂತ ಯೋಚನೇನೇ ಮಾಡಲ್ಲ, ಅವ್ರಿಗೆ ಮನೆ ಬಿಟ್ಟು ಹೋಗೋದಕ್ಕಿಂತ ಇದೇ ಜಾಸ್ತಿ ಚುಚ್ಚತ್ತೆ. ಶಾರದಮ್ಮನ ಹತ್ರ ಹೋಗಿ, "ಮೂವತ್ತೆಂಟು ವರ್ಷ ಕಂಬ ಹತ್ತಿ ಸಾಕಿದೆ ತಾಯಿ, ಈಗ ನಾನು 'ಅದು' ಆಗೋದೆ." ನಿಜ ಗೊತ್ತಾಗ್ಬೇಕಾಗಿದ್ದ ಜಾಗದಲ್ಲೇ ತಪ್ಪು ಇನ್ನೂ ಗಟ್ಟಿ ಆಯ್ತು.

ಇನ್ನು ಇಬ್ರೂ ಎದುರೆದುರು ಕೂತು ಮಾತಾಡೋ ಸೀನು. ತಾತ ತಡ್ಕೊಳ್ಳೋಕಾಗ್ದೆ ಮಗನ್ನ ಕೇಳೇಬಿಡ್ತಾರೆ, ಮಗ ಫ್ರಿಜ್ ವಿಷ್ಯ ಗೊತ್ತಾಗೋಯ್ತು ಅಂದ್ಕೋತಾನೆ:

"ನಂಗೆಲ್ಲ ಗೊತ್ತಾಯ್ತು ಕಣೋ. ಶನಿವಾರ ಅಂತಲ್ಲ."
"ಅಯ್ಯೋ ಅಪ್ಪ... ಬೇಜಾರು ಮಾಡ್ಕೋಬೇಡಪ್ಪ, ಆಮೇಲೆ ಹೇಳೋಣ ಅಂತಿದ್ವಿ."
"ಆಮೇಲೆ ಏನು ಹೇಳ್ತೀಯ. ನಿಮ್ಮಮ್ಮ ಇದ್ದಿದ್ರೆ ಒಪ್ತಿದ್ಲಾ?"
"ಅಮ್ಮಾನೇ ಹೇಳ್ತಿದ್ಲಲ್ಲಪ್ಪ, ಇನ್ನೆಷ್ಟು ದಿನ ಇಟ್ಕೊಳ್ಳೋದು, ಕಳಿಸಿ ಬೇರೆ ತರೋಣ ಅಂತ."
"ಬೇರೆ?!"
"ಹೂಂ, ಹತ್ತು ವರ್ಷದ ಹಿಂದೇನೇ. ಡಬಲ್ ಡೋರ್‌ದು ಬೇಕು ಅಂತಿದ್ಲು."

ಕೊನೇ ಲೈನ್ ನೋಡಿ. ಬರೆದಾಗ ಭಾರೀ ಖುಷಿಯಾಗತ್ತೆ, ಆದ್ರೆ ಕಿತ್ತಾಕ್ಬೇಕು. ಡಬಲ್ ಡೋರ್ ಅಂದ ತಕ್ಷಣ ತಾತ "ಡೋರಾ? ಏನು ಡೋರು?" ಅಂತ ಕೇಳ್ಲೇಬೇಕು, ಕೇಳ್ಲಿಲ್ಲ ಅಂದ್ರೆ ಅವರು ದಡ್ಡ ಆಗ್ತಾರೆ. "ಬೇರೆ?!" ಅನ್ನೋ ಜಾಗದಲ್ಲೇ ಮಗನ ಫೋನ್ ರಿಂಗ್ ಆಗ್ಲಿ, ಅವನು ಎದ್ದು ಹೋಗ್ಲಿ, ತಾತ ಗೋಡೆ ಮೇಲಿರೋ ಅಜ್ಜಿ ಫೋಟೋ ಕಡೆ ಒಂದು ಸಲ ಗುರಾಯಿಸ್ಲಿ, ಕಟ್. ಒಳ್ಳೇ ಜೋಕ್ ಸಾಯ್ಸೋಕೆ ಮನಸ್ಸು ಬರಲ್ಲ, ನಂಗೊತ್ತು, ಆ ಡಬಲ್ ಡೋರನ್ನ ಕೊನೇ ಸೀನಿಗೆ ಎತ್ತಿಡಿ.

ಸ್ಟೆಪ್ 6: ಯಾರಿಗೆ ಏನು ಗೊತ್ತು, ಚಾರ್ಟ್ ಹಾಕಿ

ಒಂದು ದೊಡ್ಡ ಹಾಳೆ ತಗೊಳ್ಳಿ, ಅಡ್ಡಕ್ಕೆ ಸೀನ್ ನಂಬರ್ರು, ಉದ್ದಕ್ಕೆ ಪಾತ್ರಗಳು, ಪ್ರತಿ ಮನೇಲಿ ಆ ಹೊತ್ತಿಗೆ ಅವರು ಏನು ನಂಬಿದಾರೆ ಅಂತ ಒಂದು ಸಾಲು. ಕೊನೇ ಸಾಲು ನೋಡೋರದ್ದು, ಅವರನ್ನೂ ಒಂದು ಪಾತ್ರ ಅಂತಾನೇ ಲೆಕ್ಕ ಹಾಕಿ. ಫ್ರೆಂಡ್ಸ್ ಅನ್ನೋ ಅಮೆರಿಕನ್ ಸೀರಿಯಲ್ಲಿನ ಐದನೇ ಸೀಸನ್ನಲ್ಲಿ, 1999ರಲ್ಲಿ, ಮೋನಿಕಾ ಚಾಂಡ್ಲರ್ ಲವ್ ಸ್ಟೋರಿ ಎಲ್ರಿಗೂ ಗೊತ್ತಾಗೋ ಎಪಿಸೋಡಿದೆಯಲ್ಲ, ನಮಗೆ ಗೊತ್ತು ಅಂತ ಅವ್ರಿಗೆ ಗೊತ್ತು ಅನ್ನೋದು ನಮಗೆ ಗೊತ್ತು ಅಂತ ಅವ್ರಿಗೆ ಗೊತ್ತಿಲ್ಲ ಅಂತ ಸುತ್ತೋದು, ಅದನ್ನ ಚಾರ್ಟ್ ಇಲ್ದೆ ಬರೆಯೋಕೆ ಹೋದ್ರೆ ತಲೆ ಕೆಡತ್ತೆ.

ನೋಡೋರಿಗೆ ನಿಜ ಮೊದಲೇ ಹೇಳ್ಬೇಕಾ, ಕೊನೇಲಿ ಹೇಳ್ಬೇಕಾ? ಮೊದಲೇ. ಕೊನೇಲಿ ಹೇಳಿದ್ರೆ ಸಿಗೋದು ಒಂದು ಸಲ "ಓಹ್", ಮೊದಲೇ ಹೇಳಿದ್ರೆ ಪ್ರತಿ ಡೈಲಾಗಿಗೂ ನಗು. ಹೋಟೆಲ್ ಇನ್ಸ್‌ಪೆಕ್ಟರ್ಸ್‌ನಲ್ಲಿ ಅಸಲಿ ಇನ್ಸ್‌ಪೆಕ್ಟರ್ ಯಾರು ಅಂತ ಮೊದಲೇ ಹೇಳಲ್ಲ ಅಂತ ನೀವು ವಾದ ಮಾಡ್ಬಹುದು, ಸರಿ, ಆದ್ರೆ ಹಚಿನ್‌ಸನ್ ನಡವಳಿಕೆ ನೋಡ್ತಿದ್ದಂಗೆ ಬೇಸಿಲ್ ಎಡವಟ್ಟು ಮಾಡ್ತಿದಾನೆ ಅನ್ನೋದಂತೂ ನಮಗೆ ಮೂಗಿಗೆ ಬಡಿಯತ್ತೆ.

ಸ್ಟೆಪ್ 7: ನಂಬಿಕೆ ಕೈಕಾಲಾಗ್ಬೇಕು

ತಪ್ಪು ತಿಳ್ಕೊಂಡು ತಾತ ಮೂಲೇಲಿ ಅಳ್ತಾ ಕೂತ್ರೆ ಕಾಮಿಡಿ ಇಲ್ಲ. ಏನಾದ್ರೂ ಮಾಡ್ಬೇಕು, ಅದು ಮೆಟ್ಟಿಲು ಮೆಟ್ಟಿಲಾಗಿ ಏರ್ಬೇಕು. ಮೊದಲು, ನಾನಿನ್ನೂ ಉಪಯೋಗಕ್ಕೆ ಬರ್ತೀನಿ ಅಂತ ತೋರ್ಸೋಕೆ ಬೆಳಗ್ಗೆ ನಾಲ್ಕಕ್ಕೇ ಎದ್ದು ಹಾಲು ತರೋದು, ಒಗೆದ ಬಟ್ಟೆ ಮಡಚೋದು, ಚೆನ್ನಾಗಿರೋ ಮಿಕ್ಸಿ ಬಿಚ್ಚಿ ರಿಪೇರಿ ಮಾಡಿ ಇಡೀ ಮನೆ ಫ್ಯೂಸ್ ಹೊಡಿಸೋದು. ಆಮೇಲೆ ಗೊರಕೆ ಬರಬಾರದು ಅಂತ ರಾತ್ರಿ ಇಡೀ ಕೂತೇ ನಿದ್ದೆ. ಇದ್ಯಾವುದೂ ಕೆಲಸ ಮಾಡ್ಲಿಲ್ಲ ಅಂದ್ಮೇಲೆ ಸ್ವಾಭಿಮಾನ ಎದ್ದು ಕೂರತ್ತೆ: ಅವರು ಕಳ್ಸೋದೇನು, ನಾನೇ ಗೌರವವಾಗಿ ಹೋಗ್ತೀನಿ. ತಮ್ಮ ಸಾಮಾನು ಹಂಚೋಕೆ ಶುರು ಮಾಡ್ತಾರೆ, ಎಚ್‌ಎಮ್‌ಟಿ ವಾಚು ಮೊಮ್ಮಗನಿಗೆ, ಕೊಡೆ ಶಾರದಮ್ಮನಿಗೆ.

ಇಲ್ಲೇ ಎರಡನೇ ಸರಪಳಿ ಹುಟ್ಟೋದು. ವಯಸ್ಸಾದೋರು ಕರೆದು ಕರೆದು ವಾಚು ಕೊಡೆ ಕೊಡ್ತಿದಾರೆ, ಶಾರದಮ್ಮ ಏನು ಅಂದ್ಕೋಬೇಕು? ಏನೋ ದೊಡ್ಡ ಕಾಯಿಲೆ, ಮನೆಯೋರಿಗೆ ಹೇಳಿಲ್ಲ ಅಂತ. ಎಳನೀರು ಹಿಡ್ಕೊಂಡು ಬಂದು ಸುಮಾ ಹೆಗಲ ಮೇಲೆ ಅಳ್ತಾರೆ. ಸುಮಾಗೆ ನೆನಪಾಗತ್ತೆ, ಹೌದಲ್ವಾ, ಮಾವ ರಾತ್ರಿ ಇಡೀ ಮಲಗ್ತಿಲ್ಲ, ಕೂತೇ ಇರ್ತಾರೆ! ಈಗ ಇವರೂ ತಪ್ಪು ತಿಳ್ಕೊಂಡ್ರು, ಆಧಾರ ತಾತ ಮಾಡಿದ ಕೆಲಸಗಳೇ. ಮನೇಲಿ ಉಪಚಾರ ಶುರು, ಹಬ್ಬ ಇಲ್ಲ ಹರಿದಿನ ಇಲ್ಲ, ಬುಧವಾರ ಒಬ್ಬಟ್ಟು, ಮೇಲೆ ಮಿಳ್ಳೆ ತುಪ್ಪ. ತಾತ ಏನಂದ್ಕೋತಾರೆ? ಕಳ್ಸೋ ಮುಂಚೆ ಕೊನೇ ಊಟ ಹಾಕ್ತಿದಾರೆ. ಇನ್ನೊಂದು ಕಡೆ ಸುಮಾ ಅಂಗಡಿಗೆ ಫೋನ್ ಮಾಡಿ, ಮನೇಲಿ ಔಷಧಿ ಗಿವಷಧಿ ಇಡ್ಬೇಕಾಗ್ಬಹುದು, ಶನಿವಾರದ ಬದ್ಲು ನಾಳೇನೇ ಬನ್ನಿ ಅಂತಾಳೆ, ತಾತನಿಗೆ ಕೇಳ್ಸೋದು "ಇನ್ನು ಕಾಯೋಕಾಗಲ್ಲ, ನಾಳೇನೇ ತಗೊಂಡು ಹೋಗಿ" ಅಷ್ಟೇ. ಒಬ್ಬರ ಪ್ರೀತಿ ಇನ್ನೊಬ್ಬರ ಅನುಮಾನಕ್ಕೆ ಸಾಕ್ಷಿ ಆಗ್ತಾ ಹೋಗ್ಬೇಕು, ಹೊರಗಿನಿಂದ ಹೊಸ ಗೊಂದಲ ತಂದು ತುರುಕ್ಬೇಡಿ.

ಎಷ್ಟು ಸರಪಳಿ ಇರ್ಬಹುದು? ಫ್ರೇಸಿಯರ್‌ನ ದಿ ಸ್ಕೀ ಲಾಡ್ಜ್ ಇದ್ರಲ್ಲಿ ಎತ್ತಿದ ಕೈ, 1998ರ ಫೆಬ್ರವರಿ, ಇದೂ ಜೋ ಕೀನನ್ನೇ. ಹಿಮದ ಬೆಟ್ಟದ ಮೇಲೆ ಒಂದು ಬಂಗಲೆ, ಒಂದು ರಾತ್ರಿ. ನೈಲ್ಸ್‌ಗೆ ಡಾಫ್ನೆ ಬೇಕು, ಡಾಫ್ನೆಗೆ ಸ್ಕೀ ಹೇಳಿಕೊಡೋ ಗೀ, ಗೀಗೆ ನೈಲ್ಸ್, ಫ್ರೇಸಿಯರ್‌ಗೆ ಡಾಫ್ನೆ ಫ್ರೆಂಡ್ ಆನಿ, ಆನಿಗೆ ಮತ್ತೆ ನೈಲ್ಸ್. ಎಲ್ರೂ ತಮಗೆ ಬೇಕಾದೋರಿಗೂ ತಾವು ಬೇಕು ಅಂತ ನಂಬಿ ರಾತ್ರಿಯೆಲ್ಲ ರೂಮಿಂದ ರೂಮಿಗೆ. ಕೊನೇಲಿ ಲೆಕ್ಕ ಹಾಕಿದ್ರೆ ಫ್ರೇಸಿಯರ್ ಹಿಂದೆ ಮಾತ್ರ ಯಾರೂ ಬಿದ್ದಿರಲ್ಲ, ಅವನಿಗೆ ಅದೇ ದೊಡ್ಡ ಅವಮಾನ. ಐದು ದಾರ ಸಿಕ್ಕಾಗ್ದೆ ಓಡ್ಸೋದು ಅವರ ಕೈಲಾಯ್ತು, ಹತ್ತು ಹನ್ನೆರಡು ನಿಮಿಷದ ಯೂಟ್ಯೂಬ್ ಎಪಿಸೋಡಿಗೆ ಒಂದೇ ಸಾಕು, ಇಪ್ಪತ್ತು ದಾಟಿದ್ರೆ ಎರಡು.

ಸ್ಟೆಪ್ 8: "ಕೇಳ್ಬಿಟ್ರೆ ಮುಗೀತಲ್ವಾ?"

ಇದು ನೋಡೋರ ಬಾಯಿಗೆ ಬರೋ ಮೊದಲ ಪ್ರಶ್ನೆ, ಪ್ರತಿ ಸೀನಿಗೂ ಉತ್ತರ ಇಟ್ಕೊಂಡಿರ್ಬೇಕು. ಸ್ಕೀ ಲಾಡ್ಜಲ್ಲಿ ಬೆಟ್ಟದ ಎತ್ತರಕ್ಕೆ ಫ್ರೇಸಿಯರ್ ಅಪ್ಪ ಮಾರ್ಟಿನ್‌ಗೆ ಕಿವಿ ಕಟ್ಟಿರತ್ತೆ, ಅವನು ಅರ್ಧ ಕೇಳಿ ಏನೋ ಉತ್ತರ ಕೊಟ್ಟು ಎಲ್ರ ತಪ್ಪಿಗೂ ಸೀಲು ಹೊಡೀತಾನೆ. ದೈಹಿಕ ಕಾರಣ, ಮೊದಲೇ ತೋರಿಸಿಟ್ಟಿದ್ದು, ಅದಕ್ಕೆ ಮೋಸ ಅನ್ನಿಸಲ್ಲ. ನಮ್ಮ ಕಥೇಲಿ ಬೀಗ ತಾನಾಗೇ ಬಿದ್ದಿದೆ: ತಾತನಿಗೆ ಸ್ವಾಭಿಮಾನ, ಕೇಳಿ ಬೇಡ್ಕೊಳ್ಳಲ್ಲ, ಮನೆಯೋರಿಗೆ ಕಾಯಿಲೆ ಭಯ, "ತಾತನ್ನ ಏನೂ ಕೇಳ್ಬೇಡಿ" ಅಂತ ಮಕ್ಕಳಿಗೂ ಹೇಳಿದಾರೆ. ಸೀರಿಯಲ್ಲುಗಳಲ್ಲಿ "ನಾನು ಹೇಳೋದು ಸ್ವಲ್ಪ ಕೇಳು" "ನಂಗೇನೂ ಕೇಳೋಕಿಷ್ಟ ಇಲ್ಲ" ಅಂತ ಹೋಗ್ಬಿಡ್ತಾರಲ್ಲ, ಅದು ಬೀಗ ಅಲ್ಲ, ಸೋಮಾರಿತನ.

ಮೊಬೈಲು ದೊಡ್ಡ ಶತ್ರು. 1975ರಲ್ಲಿ ಬೇಸಿಲ್‌ಗೆ ಗೂಗಲ್ ಇರ್ಲಿಲ್ಲ. ಈಗ ಒಂದು ಮೆಸೇಜಲ್ಲಿ ಎಲ್ಲ ಬಗೆಹರಿಯತ್ತೆ. ಚಾರ್ಜ್ ಇಲ್ಲ, ನೆಟ್‌ವರ್ಕ್ ಇಲ್ಲ ಅಂತ ಹೇಳೋದು ಹಳಸಿದ ಉಪಾಯ, ಅದ್ರ ಬದ್ಲು ಮೊಬೈಲನ್ನೇ ಗೊಂದಲಕ್ಕೆ ಹಾಕ್ಕೊಳ್ಳಿ. ಫ್ಯಾಮಿಲಿ ಗ್ರೂಪಲ್ಲಿ ಮಗ "ನಾಳೆ ಬೆಳಗ್ಗೆ ಕಳಿಸ್ತಿದೀವಿ, ಎಲ್ರಿಗೂ ಒಂಥರಾ ಬೇಜಾರು" ಅಂತ ಹಾಕಿ, ತಕ್ಷಣ ಅಪ್ಪ ಗ್ರೂಪಲ್ಲಿದಾರೆ ಅಂತ ನೆನಪಾಗಿ ಡಿಲೀಟ್ ಮಾಡ್ತಾನೆ. ತಾತ ಆಗ್ಲೇ ಓದಿ ಆಗಿದೆ. ಡಿಲೀಟ್ ಆಗಿದ್ದು ನೋಡಿ ಇನ್ನೂ ಗ್ಯಾರಂಟಿ ಆಯ್ತು.

ಜಾಗ ಕೂಡ ಒಂದು ಬೀಗಾನೇ. ಹೋಟ್ಲು, ಹಿಮದ ಬಂಗಲೆ, ನಮ್ಮ 1990ರ ಗಣೇಶನ ಮದುವೆ ಸಿನಿಮಾದಲ್ಲಿ ವಠಾರ, ಎಲ್ಲ ಒಂದೇ ಲೆಕ್ಕ, ಎಲ್ರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೀತಾನೇ ಇರ್ಬೇಕು. ನಮ್ಮ ಕಥೆ ಆ ಮಹಡಿ ಮನೆ ಮತ್ತೆ ಶಾರದಮ್ಮನ ಬಾಗಿಲು ಬಿಟ್ಟು ಆಚೆ ಹೋಗೋದೇ ಬೇಡ, ಶೂಟಿಂಗ್ ಖರ್ಚೂ ಉಳಿಯತ್ತೆ.

ಸ್ಟೆಪ್ 9: ಬಯಲಾಗೋ ಸೀನು

ಎಲ್ರೂ ಒಂದೇ ಜಾಗದಲ್ಲಿರ್ಲಿ. ಯಾರೋ ಬಂದು ಕೂತು ವಿವರಿಸೋದು ಬೇಡ, ಎರಡು ನಂಬಿಕೆ ಒಂದಕ್ಕೊಂದು ಢೀ ಕೊಡ್ಲಿ, ಅದೂ ಏನೂ ಗೊತ್ತಿಲ್ದ ಹೊರಗಿನವರ ಮುಂದೆ ಆದ್ರೆ ಇನ್ನೂ ಚೆಂದ. ಡೆಲಿವರಿ ಹುಡುಗರು ಇಬ್ರು ಬರ್ತಾರೆ. ತಾತ ಒಗೆದ ಪಂಚೆ ಉಟ್ಟು, ವಿಭೂತಿ ಇಟ್ಕೊಂಡು, ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದಾರೆ.

"ಸಾರ್, ಹಳೇದು ಎಲ್ಲಿ?"
"ನಾನೇ ಕಣಪ್ಪ. ನಡೀರಿ."
"...ಒಳಗೆಲ್ಲ ಖಾಲಿ ಮಾಡಿದೀರಾ ಸಾರ್?"
"ಬೆಳಗ್ಗೇನೇ ಆಯ್ತು."
"ಮೆಟ್ಲು ಇಳಿಯೋವಾಗ ಅಡ್ಡ ಮಲಗಿಸ್ಬಾರ್ದು ಸಾರ್, ಗ್ಯಾಸ್ ಪ್ರಾಬ್ಲಮ್ ಆಗತ್ತೆ."
"ಅದು ಮೊದಲಿಂದಾನೂ ಇದೆ ಬಿಡು."

ಇಲ್ಲಿ ಸುಮಾ, ಪ್ರಕಾಶ ಓಡಿ ಬರ್ತಾರೆ, ಬ್ಯಾಗ್ ನೋಡಿ ಆಸ್ಪತ್ರೆಗೆ ಹೊರಟಿದಾರೆ ಅಂದ್ಕೊಂಡು ಗೋಳೋ ಅಂತಾರೆ, ಶಾರದಮ್ಮ ಜೊತೆಗೂಡ್ತಾರೆ, ಡೆಲಿವರಿ ಹುಡುಗನಿಗೆ ಹಳೇ ಫ್ರಿಜ್ಜಿಗೆ ಇಷ್ಟು ಅಳೋ ಮನೇನ ನೋಡೇ ಇಲ್ಲ. ಸತ್ಯ ಬಿಚ್ಚಿಕೊಳ್ಳೋಕೆ ಒಂದು ಪುಟ ಸಾಕು, ಜಾಸ್ತಿ ಎಳೀಬೇಡಿ. ಎತ್ತಿಟ್ಟಿದ್ದ ಡಬಲ್ ಡೋರ್ ಈಗ ತನ್ನಿ: ಹೊಸ ಫ್ರಿಜ್ ನೋಡಿ ತಾತ, "ಓ, ನಿಮ್ಮಮ್ಮ ಬೇರೆ ಅಂದಿದ್ದು ಇದನ್ನಾ!" ಅಂತ ಫೋಟೋ ಕಡೆ ತಿರುಗಿ ಕಿವಿ ಹಿಡ್ಕೋತಾರೆ.

ಕ್ಷಮೆ ಕೇಳಿ ತಬ್ಬಿಕೊಳ್ಳೋದಕ್ಕೆ ಐದು ಸೆಕೆಂಡ್ ಕೊಡಿ, ಹಿಂದೆ ವೀಣೆ ಬೇಡ, ಬೋಧನೆ ಮೊದಲೇ ಬೇಡ. ಕೊನೇಲಿ ಒಂದು ಬಾಲಂಗೋಚಿ ಸೀನ್ ಇಡಿ, ಮೂವತ್ತು ಸೆಕೆಂಡಿಂದು. ತಾತ ಹಟ ಹಿಡಿದು ಹಳೇ ಫ್ರಿಜ್ ಕೊಡೋಕೆ ಬಿಟ್ಟಿಲ್ಲ, ತಮ್ಮ ರೂಮಲ್ಲೇ ಇಡ್ಸಿದಾರೆ. ರಾತ್ರಿ ಎರಡು ಗಂಟೆ, ಗೊರ್ ಗೊರ್. ಬೆಳಗ್ಗೆ ತಾತ ಗುಟ್ಟಾಗಿ ಅಂಗಡಿಗೆ ಫೋನ್ ಮಾಡಿ "ತುಂಬಾ ಹಳೇದು ಸಾರ್, ರಾತ್ರಿಯೆಲ್ಲ ನಿದ್ದೆ ಇಲ್ಲ" ಅಂತಿದಾರೆ, ಬಾಗಿಲಲ್ಲಿ ಶಾರದಮ್ಮ ಎಳನೀರು ಹಿಡ್ಕೊಂಡು ನಿಂತು ಕೇಳಿಸ್ಕೊಂಡ್ರು.

ಸ್ಟೆಪ್ 10: ಗಟ್ಟಿಯಾಗಿ ಓದಿ

ಬಿಬಿಸಿಲಿ ಜಾಹೀರಾತಿಲ್ಲ, ಹತ್ತತ್ರ ಅರ್ಧ ಗಂಟೆ ಪೂರ್ತಿ ಸಿಗ್ತಿತ್ತು, ಅಮೆರಿಕದ ಚಾನೆಲ್‌ಗಳಲ್ಲಿ ಅದೇ ಅರ್ಧ ಗಂಟೆ ಸ್ಲಾಟಲ್ಲಿ ಕಥೆಗೆ ಸಿಗೋದು 22 ನಿಮಿಷದ ಆಸುಪಾಸು. ನಿಮ್ಮದು ಎಷ್ಟೇ ಇರ್ಲಿ, ಮೊದಲನೇ ತಪ್ಪು ಕಾಲು ಭಾಗದೊಳಗೆ ಆಗಿಹೋಗಿರ್ಬೇಕು, ಅರ್ಧಕ್ಕೆ ಎರಡನೇ ಸರಪಳಿ, ಮುಕ್ಕಾಲಿಗೆ ಡೆಲಿವರಿ ಗಾಡಿ ಹಾರ್ನ್ ಕೇಳಿಸ್ಬೇಕು.

ಬರೆದಾದ್ಮೇಲೆ ನಾಲ್ಕು ಜನ ಸ್ನೇಹಿತರನ್ನ ಕೂರಿಸಿ ಪಾತ್ರ ಹಂಚಿ ಓದಿಸಿ. ಕಥೆ ಮೊದಲೇ ಹೇಳ್ಬೇಡಿ. ನಗದೇ ಇದ್ದ ಜಾಗಕ್ಕೆ ಟಿಕ್ ಹಾಕೋದು ಆಮೇಲೆ, ಮೊದಲು ಯಾರಾದ್ರೂ "ಒಂದ್ನಿಮ್ಷ, ಅವಳು ಯಾಕೆ ಕೇಳ್ಲಿಲ್ಲ?" ಅಂತ ತಡೆದ್ರಾ ನೋಡಿ, ಅಲ್ಲಿ ಬೀಗ ಸಡಿಲ ಇದೆ, ಸ್ಟೆಪ್ 8ಕ್ಕೆ ವಾಪಸ್ ಹೋಗಿ. ಯಾರಾದ್ರೂ "ಈಗ ಯಾರಿಗೆ ಏನು ಗೊತ್ತು?" ಅಂದ್ರೆ ಚಾರ್ಟಲ್ಲಿ ಒಂದು ದಾರ ಜಾಸ್ತಿ ಆಗಿದೆ, ಕತ್ತರಿಸಿ, ಮೊಮ್ಮಗಳ ಸ್ಟಡಿ ಟೇಬಲ್ಲೇ ಹೋದ್ರೂ ಪರ್ವಾಗಿಲ್ಲ. ಎಡಿಟಿಂಗಲ್ಲಿ ಟೊಯ್ಂಯ್ ಅಂತ ಸೌಂಡ್ ಹಾಕಿ ನಗಿಸೋ ಪರಿಸ್ಥಿತಿ ಬಂತು ಅಂದ್ರೆ ಆ ಸೀನನ್ನ ಮತ್ತೆ ಬರೆಯಿರಿ.